ನೆರಳು ಕ್ಲಬ್ಬಿನ ಮೇಷ್ಟ್ರಿಗೆ

ಬೆನ್ನಿನ ಆಪರೇಷನ್ ಆಗಿ, ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಈ ಸೋಮವಾರ ಮತ್ತೆ ಕೆಲಸಕ್ಕೆ ಹೋದೆ. ವಿಚಾರಿಸಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಬರೆಯಲಾಗಿಲ್ಲ, ಅದಕ್ಕೇ ಈ ಬರಹ. ಡಾಕ್ಟರಿಗೆ, ರಾತ್ರಿ ಪಾಳಿಯ ನರ್ಸ್‌ಗಳಿಗೆ, ನನ್ನ ಸಿಡುಕನ್ನೆಲ್ಲ ಸಹಿಸಿಕೊಂಡ ಅಕ್ಕ-ಭಾವನಿಗೆ, ನನ್ನ ಪಾಲಿನ ಕೆಲಸವನ್ನು ಸದ್ದಿಲ್ಲದೆ ಹಂಚಿಕೊಂಡ ಸಹೋದ್ಯೋಗಿಗಳಿಗೆ ನಾನು ಋಣಿ. ಇವರಿಗೆಲ್ಲ ಎದುರಿಗೇ ಹೇಳಿದ್ದೇನೆ. ಹೇಳದೇ ಉಳಿದದ್ದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ. ಹೆಸರು ಹಾಕಿದರೆ ಬೈಯುತ್ತಾರೆ, ಮೇಷ್ಟ್ರು ಅಂತಲೇ ಇರಲಿ.

ಊಟದ ಬಿಡುವಿನಲ್ಲಿ ಅವರೊಂದು ಕ್ಲಬ್ ನಡೆಸುತ್ತಿದ್ದರು. ಕಾಗದದ ಮೇಲೆ ಅದು ವಿಜ್ಞಾನ ಸಂಘ, ನಮ್ಮ ಬಾಯಲ್ಲಿ ನೆರಳು ಕ್ಲಬ್. ಖಗೋಳ ಅಂದರೆ ರಾತ್ರಿಯ ಮಾತು ಅಂದುಕೊಂಡಿದ್ದ ನಮಗೆ ಸಿಗುತ್ತಿದ್ದುದು ನಡು ಮಧ್ಯಾಹ್ನದ ಅರ್ಧ ಗಂಟೆ. 'ಎಲ್ಲಕ್ಕಿಂತ ಹತ್ತಿರದ ನಕ್ಷತ್ರ ತಲೆ ಮೇಲೇ ಇದೆಯಲ್ರೋ, ಇನ್ನೇನು ಬೇಕು?' ಎನ್ನುತ್ತಿದ್ದರು ಮೇಷ್ಟ್ರು.

ಅಂಗಳದ ಸಿಮೆಂಟು ನೆಲದಲ್ಲಿ ಒಂದು ಕಬ್ಬಿಣದ ಸರಳು ನೆಟ್ಟಿದ್ದರು. ವಾರಕ್ಕೊಂದು ದಿನ, ಗಡಿಯಾರದಲ್ಲಿ ಸರಿಯಾಗಿ ಒಂದು ಗಂಟೆಗೆ, ಅದರ ನೆರಳಿನ ತುದಿಗೆ ಬಣ್ಣದ ಚುಕ್ಕಿ ಇಡಬೇಕು. ಚುಕ್ಕಿಗಳು ಒಂದೇ ಗೆರೆಯ ಮೇಲೆ ಹಿಂದೆ ಮುಂದೆ ಸರಿಯುತ್ತವೆ ಅಂತ ನಾವೆಲ್ಲ ಬಾಜಿ ಕಟ್ಟಿದ್ದೆವು. ವರ್ಷ ತುಂಬುವ ಹೊತ್ತಿಗೆ ನೆಲದ ಮೇಲೆ ಉದ್ದನೆಯ, ಒಂದು ಕಡೆಗೆ ವಾಲಿದ 8 ಮೂಡಿತ್ತು! ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿರುವುದರಿಂದ, ಸೂರ್ಯನ ಸುತ್ತ ಅದು ಸಾಗುವ ಹಾದಿಯೂ ಪೂರ್ತಿ ವೃತ್ತವಲ್ಲವಾದ್ದರಿಂದ, ಸೂರ್ಯ ನಮ್ಮ ಗಡಿಯಾರಕ್ಕೆ ಹೊಂದಿಕೊಂಡು ನಡೆಯುವುದಿಲ್ಲ. ನವೆಂಬರ್ ಆರಂಭದಲ್ಲಿ ಸುಮಾರು 16 ನಿಮಿಷ ಮುಂದಿರುತ್ತಾನೆ, ಫೆಬ್ರುವರಿ ನಡುವಿನಲ್ಲಿ ಸುಮಾರು 14 ನಿಮಿಷ ಹಿಂದೆ. ಇದನ್ನು ಕಲಿತ ವಾರವೇ ನಮ್ಮಲ್ಲೊಬ್ಬ ಬೆಳಗಿನ ಪ್ರಾರ್ಥನೆಗೆ ತಡವಾಗಿ ಬಂದು, 'ಫೆಬ್ರುವರಿ ಸಾರ್, ಸೂರ್ಯನೇ ಲೇಟು' ಎಂದ. ಮೇಷ್ಟ್ರು ನಗಲೂ ಇಲ್ಲ, ಗದರಲೂ ಇಲ್ಲ. 'ಸರಿ, ನವೆಂಬರಿನಲ್ಲಿ ಹದಿನಾರು ನಿಮಿಷ ಮುಂಚೆ ಬರಬೇಕು' ಎಂದು ಡೈರಿಯಲ್ಲಿ ಬರೆದುಕೊಂಡರು. ನವೆಂಬರಿನಲ್ಲಿ ಮರೆಯಲೂ ಇಲ್ಲ.

ರಜೆಯಲ್ಲಿ ಆ 8 ತುಂಡಾಗಬೇಕಿತ್ತು. ಶಾಲೆ ಮತ್ತೆ ತೆರೆದಾಗ ನೋಡಿದರೆ ಚುಕ್ಕಿಗಳು ಒಂದೂ ತಪ್ಪಿರಲಿಲ್ಲ. ಶಾಲೆಯ ಅಟೆಂಡರಿಗೆ ಮೇಷ್ಟ್ರು ಕೆಲಸ ಕಲಿಸಿಟ್ಟಿದ್ದರು. ಅವರು ಇಟ್ಟ ಚುಕ್ಕಿಗಳು ನಮ್ಮವಕ್ಕಿಂತ ಚಿಕ್ಕವು, ನಮ್ಮವಕ್ಕಿಂತ ಅಚ್ಚುಕಟ್ಟು. ಈ ಕೃತಜ್ಞತೆಯಲ್ಲಿ ಅವರಿಗೂ ಪಾಲಿದೆ.

ಇನ್ನೊಂದು ಕೆಲಸ ಸೂರ್ಯನ ಕಲೆಗಳನ್ನು ಎಣಿಸುವುದು. ಪುಟ್ಟ ದೂರದರ್ಶಕದಿಂದ ಬಿಳಿ ರಟ್ಟಿನ ಮೇಲೆ ಸೂರ್ಯಬಿಂಬ ಬೀಳಿಸಿ, ರಟ್ಟಿನ ಮೇಲೆ ಕಾಣುವ ಕಪ್ಪು ಚುಕ್ಕೆಗಳನ್ನು ರಿಜಿಸ್ಟರಿನ ವೃತ್ತದೊಳಗೆ ಬರೆಯಬೇಕು. ದೂರದರ್ಶಕಕ್ಕೆ ಯಾರೂ ಕಣ್ಣಿಡುವಂತಿಲ್ಲ. ಇಟ್ಟರೆ ಕ್ಲಬ್ಬಿನಿಂದಲೇ ಹೊರಗೆ, ಅದೊಂದರಲ್ಲಿ ಅವರು ಕಟು. ಒಂದು ಅಂಚಿನಲ್ಲಿ ಹುಟ್ಟಿದ ಕಲೆ ದಿನದಿಂದ ದಿನಕ್ಕೆ ಸರಿದು ಸುಮಾರು ಎರಡು ವಾರದಲ್ಲಿ ಇನ್ನೊಂದು ಅಂಚಿನಾಚೆ ಮರೆಯಾಗುತ್ತಿತ್ತು. ಸೂರ್ಯನೂ ತಿರುಗುತ್ತಾನೆ ಅನ್ನುವುದನ್ನು ನಾವು ಪರೀಕ್ಷೆಗೆ ಓದುವ ಮೊದಲೇ ಪೆನ್ಸಿಲಿನಲ್ಲಿ ಬರೆದಾಗಿತ್ತು.

ಮೋಡ ಕವಿದ ದಿನ ಪುಟವನ್ನು ಖಾಲಿ ಬಿಡುವಂತಿರಲಿಲ್ಲ. ತಾರೀಖು ಹಾಕಿ 'ಮೋಡ' ಎಂದು ಬರೆದು ಸಹಿ ಮಾಡಬೇಕು. ಮಳೆಗಾಲದಲ್ಲಿ ಪುಟಗಟ್ಟಲೆ ಮೋಡ, ಮೋಡ, ಮೋಡ. ಇದೇನು ಸಾರ್ ಅಂದರೆ ಶ್ವಾಬೆಯ ಕಥೆ ತೆಗೆಯುತ್ತಿದ್ದರು. ಹೈನ್‌ರಿಚ್ ಶ್ವಾಬೆ ಜರ್ಮನಿಯ ಡೆಸ್ಸಾವಿನಲ್ಲಿ ಔಷಧದಂಗಡಿ ನಡೆಸುತ್ತಿದ್ದವನು. ಬುಧನಿಗಿಂತ ಒಳಗೆ ಇನ್ನೊಂದು ಗ್ರಹ ಇರಬಹುದೆಂದು, ಅದು ಸೂರ್ಯನ ಮುಂದೆ ಹಾದುಹೋಗುವಾಗ ಹಿಡಿಯಬೇಕೆಂದು, 1826ರಿಂದ ಸೂರ್ಯ ಕಂಡ ದಿನವೆಲ್ಲ ಕಲೆಗಳನ್ನು ದಾಖಲಿಸುತ್ತ ಹೋದ. ಗ್ರಹ ಸಿಗಲಿಲ್ಲ. 1843ರಲ್ಲಿ, ಕಲೆಗಳ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ ಎಂದು ಪ್ರಕಟಿಸಿದ. ಇಂದು ನಾವು ಸರಾಸರಿ 11 ವರ್ಷ ಎನ್ನುವ ಸೌರಚಕ್ರ ಅದೇ. ಕಥೆ ಮುಗಿಸಿ ಮೇಷ್ಟ್ರು ರಿಜಿಸ್ಟರನ್ನು ನಮ್ಮ ಕಡೆಗೆ ತಳ್ಳುತ್ತಿದ್ದರು, ಅಷ್ಟೆ.

ಆಪರೇಷನ್ ಆದ ಮೇಲೆ ಫಿಸಿಯೋಥೆರಪಿಸ್ಟ್ ಒಂದು ನೋಟ್‌ಬುಕ್ ಕೊಟ್ಟು, ದಿನಾ ಎಷ್ಟು ಹೆಜ್ಜೆ ನಡೆದೆ ಎಂದು ಬರೆಯಲು ಹೇಳಿದರು. ಎದ್ದು ಕೂರಲೂ ಆಗದ ದಿನಗಳಿದ್ದವು. ಅಂಥ ದಿನ ಸೊನ್ನೆ ಬರೆಯಲು ಕೈ ಬರಲಿಲ್ಲ, ಪುಸ್ತಕವನ್ನೇ ಎಸೆಯೋಣ ಅನ್ನಿಸಿತು. ಕೊನೆಗೆ ತಾರೀಖು ಹಾಕಿ 'ಮೋಡ' ಎಂದು ಬರೆದು ಸಹಿ ಹಾಕಿದೆ. ಕೈ ತಾನಾಗಿ ಬರೆಯಿತು ಅಂದರೂ ನಡೆಯುತ್ತದೆ. ಮಾರನೆಯ ದಿನದ ಸಾಲು ಬರೆಯಲು ಪುಸ್ತಕ ಇನ್ನೂ ನನ್ನ ಹತ್ತಿರವೇ ಇತ್ತು. ಇದೇನೆಂದು ಫಿಸಿಯೋಥೆರಪಿಸ್ಟ್ ಕೇಳಿದರು, ಹೇಳಿದೆ. ಆಮೇಲೆ ಬಾಗಿಲಲ್ಲೇ ನಿಂತು 'ಇವತ್ತು ಮೋಡಾನಾ, ಬಿಸಿಲಾ?' ಅಂತ ಕೇಳುವುದು ಅವರಿಗೆ ರೂಢಿಯಾಯಿತು. ತಿರುಗಿ ನೋಡಿದರೆ ಮೊದಲ ಪುಟಗಳಲ್ಲಿ ಮೋಡಗಳೇ ಹೆಚ್ಚು. ಎಲ್ಲಿಂದ ಕಡಿಮೆಯಾದವು ಎಂದು ಬೆರಳಿಟ್ಟು ತೋರಿಸಬಹುದು.

ಮೊನ್ನೆ ಮೇಷ್ಟ್ರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ನಿವೃತ್ತರಾಗಿ ಎಷ್ಟೋ ಕಾಲವಾಗಿದೆ, ದನಿ ಮಾತ್ರ ಅದೇ. ಪೂರ್ತಿ ಕೇಳಿಸಿಕೊಂಡು, 'ನಡೆಯುವಾಗ ಬೆಲ್ಟ್ ಹಾಕ್ಕೊಳ್ತೀಯೇನೋ?' ಎಂದರು. ಥ್ಯಾಂಕ್ಸ್ ಅಂದದ್ದಕ್ಕೆ ಹ್ಞೂಂ ಎಂದಷ್ಟೇ ಹೇಳಿ, ಕ್ಲಬ್ಬಿನ ಹಳೆಯ ರಿಜಿಸ್ಟರುಗಳು ಎಲ್ಲಿ ಹೋದವೋ ಎಂದು ವಿಚಾರಿಸಿದರು. ಅವನ್ನು ಒಟ್ಟಿಗೆ ಇಟ್ಟು, ವರ್ಷವರ್ಷದ ಕಲೆಗಳ ಎಣಿಕೆಯನ್ನು ಗ್ರಾಫ್ ಮಾಡಿ ನೋಡುವ ಆಸೆ ಅವರಿಗಿನ್ನೂ ಇದೆ. ಒಂದು ಪುಸ್ತಕ ನನ್ನ ಅಟ್ಟದ ಮೇಲೆ ಸಿಕ್ಕಿದೆ. ಉಳಿದವು ನಮ್ಮ ಹಿಂದಿನ, ಮುಂದಿನ ಬ್ಯಾಚಿನವರ ಹತ್ತಿರ ಇರಲೇಬೇಕು. ಇದ್ದವರು ದಯವಿಟ್ಟು ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಭಾರ ಎತ್ತಬಾರದು ಅಂದಿದ್ದಾರೆ, ಒಂದೊಂದಾಗಿಯೇ ಒಯ್ಯುತ್ತೇನೆ.