ಕೊಡೆ ಇಡುವ ಕೊಳಗ

ಏನೋ ಮಾರಾಯ,

ಫೋನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ಮಾತು ಎಲ್ಲೆಲ್ಲಿಗೋ ಹೋಗಿ ಕೊನೆಗೆ ತಾಳಗುಪ್ಪದ ಎಮ್ಮೆಗೇ ಬಂದು ನಿಲ್ಲುತ್ತದೆ. ಅದಕ್ಕೇ ಇಲ್ಲಿ ನಾಲ್ಕು ಜನರ ಎದುರು ಬರೆಯುತ್ತಿದ್ದೇನೆ. ಉಳಿದವರು ಓದಿಕೊಳ್ಳಿ, ಎಮ್ಮೆ ವಿಷಯ ಮಾತ್ರ ಕೇಳಬೇಡಿ.

ನನ್ನ ಚಟ ನಿನಗೆ ಗೊತ್ತಲ್ವಾ. ಬೆಂಗಳೂರಿಂದ ಯಾರೇ ಬರಲಿ, ಮೊದಲು ಕೆಳದಿ. ಚೆನ್ನಮ್ಮ ಔರಂಗಜೇಬನಿಗೂ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕಥೆ. ಆಮೇಲೆ ಇಕ್ಕೇರಿ. ವಾಪಸ್ ಬರುವಾಗ ಸಾಗರದ ರೈಲ್ವೆ ಸ್ಟೇಷನ್ ಎದುರು ಕಾರು ನಿಲ್ಲಿಸಿ ಗೇಣಿ ರೈತರು ಭೂಮಾಲೀಕರ ವಿರುದ್ಧ ಎದ್ದ 1951ರ ಕಾಗೋಡು ಸತ್ಯಾಗ್ರಹ. ಎಚ್. ಗಣಪತಿಯಪ್ಪ ಗೇಣಿದಾರರನ್ನು ಸಂಘಟಿಸಿದ್ದು, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆಗಿದ್ದು, ಮುಂದಿನ ವರ್ಷ ಶಾಂತವೇರಿ ಗೋಪಾಲಗೌಡರು ಚುನಾವಣೆ ಗೆದ್ದಿದ್ದು, ಎಲ್ಲ ಒಂದೇ ಉಸಿರಿಗೆ. 'ನಮ್ಮೋರು ಎದ್ದು ನಿಂತ್ರು ಕಣ್ರೀ' ಅಂತ ಎದೆ ಉಬ್ಬಿಸಿ ಮುಗಿಸುತ್ತಿದ್ದೆ. ನೀನು ಹಿಂದಿನ ಸೀಟಲ್ಲಿ ಶೇಂಗಾ ಸುಲಿಯುತ್ತಾ ಕೂತಿರುತ್ತಿದ್ದೆ.

ಹೋದ ವಾರ ಹಳೇ ಮನೆಯ ಅಟ್ಟ ಗುಡಿಸಿದೆವು. ಭತ್ತ ಅಳೆಯುವ ಒಂದು ಕೊಳಗ ಸಿಕ್ಕಿತು. ಜಗಲಿಯಲ್ಲಿ ಕೊಡೆ ಇಡುತ್ತೇವಲ್ಲ, ನೋಡೋಕೆ ಅದರ ಜೋಡಿ. ಸುಮ್ನೆ ತಮಾಷೆಗೆ ಎರಡಕ್ಕೂ ಅಕ್ಕಿ ತುಂಬಿ ಅಳೆದೆ. ಜಗಲಿದು ಒಂದು ಸೇರು ಜಾಸ್ತಿ ಹಿಡಿಯಿತು. ಅಮ್ಮ ಈಳಿಗೆಮಣೆಯಿಂದ ತಲೆ ಎತ್ತದೆ 'ಅದು ಗೇಣಿ ಕೊಳಗ, ಇದು ಮನೇದು' ಅಂದಳು.

ಕಾಗೋಡಿನ ಜಗಳ ಹತ್ತಿಕೊಂಡಿದ್ದೇ ಕೊಳಗದ ಅಳತೆಯಿಂದ, ಗೇಣಿ ಭತ್ತವನ್ನು ದೊಡ್ಡ ಕೊಳಗದಲ್ಲಿ ಅಳೆಯುತ್ತಿದ್ದರು ಅಂತ ಬಂದವರಿಗೆಲ್ಲ ಪಾಠ ಮಾಡಿದವನು ನಾನು. ಆ ಪಾಠಕ್ಕೆ ಹೊರಡುವಾಗ ಮಳೆ ಬಂದರೆ ಆ ಕೊಳಗದಿಂದಲೇ ಕೊಡೆ ಎತ್ತಿಕೊಂಡು ಹೋಗುತ್ತಿದ್ದೆ.

ನಮ್ಮ ಗದ್ದೆ ಗೇಣಿಗೆ ಮಾಡುತ್ತಿದ್ದವರು ನಿಮ್ಮಜ್ಜ. ಅದೇ ಕೊಳಗಕ್ಕೆ ವರ್ಷ ವರ್ಷ ಭತ್ತ ಸುರಿದಿದ್ದಾರೆ. ಉಳುವವನಿಗೇ ಭೂಮಿ ಅನ್ನುವ 1974ರ ಕಾನೂನು ಬಂದ ಮೇಲೆ ಗದ್ದೆ ತಮಗೆ ಸೇರಬೇಕು ಅಂತ ಅವರು ಡಿಕ್ಲರೇಶನ್ ಹಾಕಿದರು, ನಮ್ಮಜ್ಜ ಸಾಯುವವರೆಗೂ ಅವರ ಹತ್ತಿರ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ 'ಗದ್ದೆ ಹೋಯ್ತು' ಅಂತಲೇ ಹೇಳುವುದು, ಏನೋ ಹೊಳೆ ಕೊಚ್ಚಿಕೊಂಡು ಹೋದ ಹಾಗೆ. ಪಿಯುಸಿಯಲ್ಲಿ ಒಂದು ಸಲ ಸಿಟ್ಟು ಬಂದು ನಿನಗೆ 'ನಮ್ಮ ಗದ್ದೆ ನುಂಗಿದವರು ನೀವು' ಅಂದಿದ್ದೆ. ಬಸ್ ಸ್ಟ್ಯಾಂಡಲ್ಲಿ. ನೀನು ಮರೆತಿದ್ದೀಯ ಅಂದುಕೊಂಡು ಇಷ್ಟು ವರ್ಷ ಆರಾಮಾಗಿದ್ದೆ. ಈಗ ಆ ಶೇಂಗಾ ಸುಲಿಯುವ ಸದ್ದು ಕಿವಿಯಿಂದ ಹೋಗುತ್ತಿಲ್ಲ. 'ನಮ್ಮೋರು' ಅಂದಾಗೆಲ್ಲ ನಿನಗೆ ನಗು ಬರುತ್ತಿತ್ತೋ, ಬೇರೇನೋ.

ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಕೊಳಗದ ಫೋಟೋ ಹಾಕಿ ನಾಲ್ಕು ಲೈಕ್ ತಗೊಳ್ಳೋಣ ಅಂತಿದ್ದೆ. ಇಲ್ಲಿ ನೋಡಿದರೆ ಕೊಡೆಗಳೆಲ್ಲ ನೆಲದ ಮೇಲೆ, ಜಗಲಿಯೆಲ್ಲ ನೀರು, ಅಮ್ಮನ ಬೈಗುಳ ಬೇರೆ.

ಭಾನುವಾರ ಬಾ. ಅಳೆದ ಅಕ್ಕಿಯಲ್ಲೇ ಕಡುಬು ಮಾಡುತ್ತಾಳಂತೆ. ಎಮ್ಮೆಯನ್ನು ಮನೆಯಲ್ಲೇ ಬಿಟ್ಟು ಬಾ.