ತಕಮಾತ್ಸುವಿನಿಂದ ಅಮ್ಮನಿಗೆ

ಅಮ್ಮಾ,

ಎಲ್ಲರಿಗೂ ನಮಸ್ಕಾರ. ನಾನು ಚೆನ್ನಾಗಿದ್ದೀನಿ. ಫೋನ್ ಮಾಡಿದಾಗಲೆಲ್ಲ "ಹೊಟ್ಟೆಗೆ ಏನು ತಿಂತೀಯ" ಅಂತ ಕೇಳ್ತೀಯಲ್ಲ, ಈ ಸಲ ಬರೆದೇ ತಿಳಿಸ್ತೀನಿ. ಅಪ್ಪನಿಗೂ ಓದಿ ಹೇಳು.

ನಾನಿರೋ ತಕಮಾತ್ಸು ಊರು ಸೇರಿರೋ ಈ ಕಗಾವಾ ಸೀಮೆ ಜಪಾನಿನಲ್ಲಿ ಉದೋನ್‌ಗೆ ಹೆಸರುವಾಸಿ. ಗೋಧಿ ಹಿಟ್ಟು, ಉಪ್ಪು, ನೀರು, ಇಷ್ಟರಲ್ಲೇ ಮಾಡೋ ದಪ್ಪ ನೂಡಲ್ಸ್ ಅದು. ಇಲ್ಲಿ ಮಳೆ ಕಡಿಮೆ, ಅದಕ್ಕೇ ಹಿಂದಿನಿಂದ ಗೋಧಿ ಬೆಳೀತಿದ್ದರಂತೆ. ನಮ್ಮ ಕೋಲಾರದ ಕಡೆಯಂತೆ ಇವರಿಗೂ ಕೆರೆಗಳೇ ಗತಿ. ಈ ಪುಟ್ಟ ಸೀಮೆಯಲ್ಲಿ 12,000ಕ್ಕೂ ಹೆಚ್ಚು ಕೆರೆಗಳಿವೆ ಅಂದರೆ ಅಪ್ಪ ನಂಬಲ್ಲ! ಎಲ್ಲಕ್ಕೂ ದೊಡ್ಡದಾದ ಮನ್ನೋ ಕೆರೆಯನ್ನ 821ರಲ್ಲಿ ಕೂಕಾಯ್ ಅನ್ನೋ ಬೌದ್ಧ ಸನ್ಯಾಸಿ ನಿಂತು ರಿಪೇರಿ ಮಾಡಿಸಿದರಂತೆ. ಚೀನಾದಿಂದ ಉದೋನ್ ತಂದವರೂ ಅವರೇ ಅಂತಾರೆ. ಊರಲ್ಲಿ ಒಳ್ಳೇದು ಏನಿದ್ದರೂ ಒಬ್ಬರ ಹೆಸರಿಗೇ ಕಟ್ಟೋದು ಎಲ್ಲ ಕಡೆ ಇದ್ದದ್ದೇ ಬಿಡು. ಈಗಂತೂ ಗೋಧಿ ಹೆಚ್ಚಾಗಿ ಬರೋದು ಆಸ್ಟ್ರೇಲಿಯಾದಿಂದ.

ದೊಡ್ಡ ಹೋಟೆಲುಗಳಿಗಿಂತ ಗದ್ದೆ ಮಗ್ಗುಲಿನ ಸಣ್ಣ ಅಂಗಡಿಗಳೇ ನನಗಿಷ್ಟ. ಅವುಗಳಲ್ಲಿ ಕೆಲವು ನೂಡಲ್ಸ್ ಮಾಡಿ ಬೇರೆ ಅಂಗಡಿಗಳಿಗೆ ಹಾಕೋ ಮನೆಗಳು, ಮೂಲೆಯಲ್ಲಿ ಬೆಂಚು ಹಾಕಿರ್ತಾರೆ, ಬೋರ್ಡೂ ನೆಟ್ಟಗಿರಲ್ಲ. ಬಾಗಿಲಿಗೆ ಬಟ್ಟೆ ಇಳಿಬಿಟ್ಟಿದ್ದರೆ ಅಂಗಡಿ ತೆರೆದಿದೆ ಅಂತ ಲೆಕ್ಕ. ಆ ದಿನದ ಹಿಟ್ಟು ಮುಗಿದರೆ ಮಧ್ಯಾಹ್ನಕ್ಕೇ ಬಾಗಿಲು! ಕೈಗೆ ಬಟ್ಟಲು ಕೊಡ್ತಾರೆ, ಮುಂದಿನದೆಲ್ಲ ನಮ್ಮದೇ. ಜಾಲರಿಯಲ್ಲಿ ನೂಡಲ್ಸ್ ಹಾಕಿ ಕುದಿಯೋ ನೀರಲ್ಲಿ ಅದ್ದಬೇಕು, ಬಸಿಯಬೇಕು, ನಲ್ಲಿ ತಿರುಗಿಸಿ ಸಾರು ಬಿಟ್ಕೋಬೇಕು. ಸಾರು ಪುಟ್ಟ ಒಣಮೀನಿಂದು. ಮೇಲೆ ಈರುಳ್ಳಿ ಸೊಪ್ಪು, ತುರಿದ ಶುಂಠಿ. ಸಣ್ಣ ಬಟ್ಟಲಿಗೆ 300 ಯೆನ್ ಆಸುಪಾಸು, ಇಲ್ಲಿ ಇದಕ್ಕಿಂತ ಅಗ್ಗದ ಬಿಸಿ ಊಟ ಸಿಗೋದು ಕಷ್ಟ.

ಮೊನ್ನೆ ಪಕ್ಕದಲ್ಲಿ ಕೂತಿದ್ದ ಅಜ್ಜ ಅಗಿಯೋ ಗೋಜಿಗೇ ಹೋಗದೆ ಸೊರ್ ಅಂತ ಎಳೆದು ನುಂಗ್ತಿದ್ದರು. ಇದರ ರುಚಿ ಗಂಟಲಿಗೆ ಗೊತ್ತಾಗಬೇಕಂತೆ. ನಮ್ಮ ಮುದ್ದೆ ಥರಾನೇ! ನಾನೂ ಹಾಗೇ ನುಂಗಿದೆ. ಅಜ್ಜ ನಕ್ಕು ತಲೆಯಾಡಿಸಿದರು.

ಒಂದು ಮಾತು, ಅಜ್ಜಿಗೆ ಹೇಳಬೇಡ: ಕೆಲವು ಕಡೆ ಹಿಟ್ಟನ್ನ ಹಾಳೆ ಮುಚ್ಚಿ ಕಾಲಲ್ಲಿ ತುಳಿದು ನಾದ್ತಾರೆ. ಹಾಗೆ ತುಳಿದರೇ ಆ ಗಟ್ಟಿ ಹದ ಬರೋದು. ಆಗಷ್ಟೇ ಬೆಂದದ್ದರ ಮೇಲೆ ಹಸಿ ಮೊಟ್ಟೆ ಒಡೆದು, ಸೋಯಾ ಸಾಸ್ ಹಾಕಿ ಕಲಸಿ ತಿನ್ನೋದೂ ಉಂಟು. ಮುಖ ಸಿಂಡರಿಸಬೇಡ, ನನಗೆ ಅದೇ ಎಲ್ಲಕ್ಕಿಂತ ರುಚಿ.

ರೂಮಲ್ಲಿ ಅಡುಗೆ ಬಿಟ್ಟಿಲ್ಲ. ರಾಗಿ ಹಿಟ್ಟು ಮುಗೀತಾ ಬಂತು, ಈ ಕಡೆ ಬರೋರು ಯಾರಾದರೂ ಇದ್ದರೆ ಕೊಟ್ಟು ಕಳಿಸು. ಅಪ್ಪನ ಮಂಡಿನೋವು ಹೇಗಿದೆ ತಿಳಿಸು.

ನಿನ್ನ ಮಗಳು