ಮೊದಲ ಕರಡು ಬರೆಯಲು ರಜೆ ಬೇಡ

ಪ್ರೀತಿಯ ತಂಗಿ,

ಒಂದು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಕಾದಂಬರಿ ಮುಗಿಸಿಬಿಡಲೇ ಎಂದು ಕೇಳಿದ್ದೀಯ. ಈಗ ಬೇಡ. ರಜೆ ಹಾಕುವ ಕಾಲ ಬೇರೆ ಇದೆ. ಮೊದಲ ಕರಡು ಬರೆಯಲು ದಿನಕ್ಕೆ 40 ನಿಮಿಷ, ವಾರಕ್ಕೆ ಆರು ದಿನ ಸಾಕು.

ಲೆಕ್ಕ ಹಾಕಿ ನೋಡು. ನಿನ್ನೆ ಬರೆದದ್ದನ್ನು ಓದಲು 10 ನಿಮಿಷ ಹೋಯಿತು. ಉಳಿದ 30 ನಿಮಿಷದಲ್ಲಿ 200 ಪದ, ಅಂದರೆ ಲಾಂಗ್ ನೋಟ್‌ಬುಕ್ಕಿನ ಒಂದು ಪುಟಕ್ಕಿಂತ ತುಸು ಹೆಚ್ಚು. ಹಬ್ಬ, ಜ್ವರ, ಮದುವೆ-ಮುಂಜಿ ಎಲ್ಲ ಕಳೆದು ವರ್ಷಕ್ಕೆ 250 ದಿನವೆಂದರೂ 50,000 ಪದ. ಡೆಮಿ 1/8, ಅಂದರೆ ಸಾಮಾನ್ಯ ಕಾದಂಬರಿಯ ಆಕಾರದ ಪುಟದಲ್ಲಿ ಸುಮಾರು 230 ಪದ ಹಿಡಿಸುತ್ತವೆ. 200 ಪುಟ ದಾಟಿತು. ತಿದ್ದುವಾಗ ಮೂರರಲ್ಲೊಂದು ಪಾಲು ಹೋಗುತ್ತದೆ, ಹೋಗಲೂಬೇಕು. ಉಳಿಯುವ 140-150 ಪುಟ ಮೊದಲ ಕಾದಂಬರಿಗೆ ಒಳ್ಳೆಯ ಗಾತ್ರ.

ತಿಂಗಳ ರಜೆಯಲ್ಲಿ ಇಷ್ಟು ಯಾಕೆ ಆಗುವುದಿಲ್ಲ? ಇಡೀ ದಿನ ಕೈಯಲ್ಲಿದ್ದರೂ ಹೊಸದಾಗಿ ಬರೆಯುವ ಕಸುವು ಎರಡು ಮೂರು ಗಂಟೆಗೆ ಮುಗಿಯುತ್ತದೆ. ಜೊತೆಗೆ, ಕಥೆಯ ಗಂಟುಗಳು ಮೇಜಿನ ಮುಂದೆ ಬಿಚ್ಚಿಕೊಳ್ಳುವುದು ಕಡಿಮೆ. ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಮಲಗೆದ್ದಾಗ ಬಿಚ್ಚಿಕೊಳ್ಳುತ್ತವೆ. ತಿಂಗಳಿಗೆ ಇರುವುದು 30 ರಾತ್ರಿ. ದಿನಾ ಸ್ವಲ್ಪ ಬರೆಯುವವಳಿಗೆ ವರ್ಷದ ರಾತ್ರಿಗಳೆಲ್ಲ ಸಿಗುತ್ತವೆ.

ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರೋಲಪ್ ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಹೀಗೆ 47 ಕಾದಂಬರಿ ಬರೆದ. ತೀರಿಕೊಂಡ ಮರುವರ್ಷ, 1883ರಲ್ಲಿ, ಅವನ ಆತ್ಮಕಥೆ ಅಚ್ಚಾಗಿ ಈ ಗುಟ್ಟು ಹೊರಬಿದ್ದಾಗ ವಿಮರ್ಶಕರು ಮೂಗು ಮುರಿದರು. ಸ್ಫೂರ್ತಿ ಗಡಿಯಾರ ನೋಡಿ ಬರುವುದು ಅವರಿಗೆ ರುಚಿಸಲಿಲ್ಲ. ಅವನ ವೇಗ ನಿನಗೆ ಬೇಡ. ಕಲಿಯಬೇಕಾದದ್ದು ಇನ್ನೊಂದು ಅಭ್ಯಾಸ: ಮೊದಲ ಅರ್ಧ ಗಂಟೆ ಹಿಂದಿನ ದಿನದ ಬರಹವನ್ನು ಓದಿ, ಪದಗಳ ನಾದವನ್ನು ಕಿವಿಯಲ್ಲಿ ತೂಗುತ್ತಿದ್ದ. ನೀನು ಓದುವ 10 ನಿಮಿಷವೂ ಗಟ್ಟಿಯಾಗಿಯೇ ಇರಲಿ.

ಸಮಯವನ್ನು ಗಂಟೆಗೆ ಕಟ್ಟಬೇಡ, ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟು. ಬೆಳಗಿನ ಕಾಫಿ ಲೋಟ ತೊಳೆದಿಟ್ಟ ಕೂಡಲೇ ಎಂದಿಟ್ಟುಕೋ. ‘ರಾತ್ರಿ ಪುರುಸೊತ್ತಾದರೆ’ ಎಂದವರು ಯಾರೂ ಕೂತದ್ದಿಲ್ಲ. ಫೋನು ಬೇರೆ ಕೋಣೆಯಲ್ಲಿರಲಿ. ನೋಟ್‌ಬುಕ್ಕಿನ ಬಲಪುಟದಲ್ಲಿ ಮಾತ್ರ ಬರೆ, ಮೇಲೆ ತಾರೀಖು ಹಾಕು. ತಾರೀಖು ಯಾಕೆ ಬೇಕೆಂದು ಆಮೇಲೆ ತಿಳಿಯುತ್ತದೆ. ಮುಂದಿನ ವಾಕ್ಯ ಗೊತ್ತಿರುವಾಗಲೇ ನಿಲ್ಲಿಸಿ, ಅದರ ನಾಲ್ಕು ಪದ ಬರೆದಿಟ್ಟು ಏಳು.

ಒಂದು ದಿನ ತಪ್ಪಿತೇ? ಮರುದಿನ 400 ಪದ ಬರೆಯಲು ಹೋಗಬೇಡ. ಬಾಕಿ ತೀರಿಸುವ ಆಟ ಶುರುವಾದರೆ ವಾರದೊಳಗೆ ಸಾವಿರ ಪದದ ಸಾಲ ಬಂದು, ನೋಟ್‌ಬುಕ್ ತೆರೆಯುವುದಕ್ಕೇ ಭಯವಾಗುತ್ತದೆ. ಹೋದದ್ದು ಹೋಯಿತು. ಎರಡು ದಿನ ತಪ್ಪಿದರೆ ಮೂರನೆಯ ದಿನ ಹತ್ತೇ ನಿಮಿಷ ಕೂತು, ಹಳೆಯದನ್ನು ಓದಿ, ಒಂದು ವಾಕ್ಯ ಸೇರಿಸು.

ಹೆಚ್ಚಿನವರು ಕೈಬಿಡುವುದು 8,000-10,000 ಪದದ ಹೊತ್ತಿಗೆ. ಶುರುವಿನ ಹುರುಪು ಇಳಿದಿರುತ್ತದೆ, ಕಥೆಯ ನಡುವಿನ ದಾರಿ ಇನ್ನೂ ಕಾಣುವುದಿಲ್ಲ. ಆಗ ಮೊದಲ ಅಧ್ಯಾಯಕ್ಕೆ ಹೋಗಿ ಒಪ್ಪ ಮಾಡುತ್ತ ಕೂರುತ್ತಾರೆ. ಕೆಲಸ ಮಾಡಿದ ಸಮಾಧಾನ ಸಿಗುತ್ತದೆ, ಪುಸ್ತಕ ಒಂದಿಂಚೂ ಮುಂದೆ ಹೋಗುವುದಿಲ್ಲ. ಎಡಪುಟವನ್ನು ಖಾಲಿ ಬಿಡಿಸಿದ್ದು ಇದಕ್ಕೇ. ‘ಅಧ್ಯಾಯ 2ರಲ್ಲೇ ಬಾವಿ ತೋರಿಸಬೇಕು’, ‘ಅತ್ತಿಗೆಯ ಹೆಸರು ಬದಲಿಸಬೇಕು’ ಎಂದು ಅಲ್ಲಿ ಗುರುತು ಹಾಕು, ಬದಲಾಯಿಸಿಯೇ ಆಯಿತೆಂದುಕೊಂಡು ಮುಂದೆ ಬರೆ.

ದಿನಕ್ಕಿಷ್ಟು ಎಂದು ಬರೆಯುವುದರಲ್ಲಿ ಒಂದು ದೋಷವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಹೊಲಿಗೆ ಕಾಣುತ್ತದೆ. ಪ್ರತಿ ದಿನದ ತುಣುಕು ‘ಬೆಳಿಗ್ಗೆ ಎದ್ದಾಗ ಮೋಡ ಕವಿದಿತ್ತು’ ಎಂಬಂಥ ವಾಕ್ಯದಿಂದ ಶುರುವಾಗಿ, ಏನೋ ಗಹನವಾದ ಮಾತಿನಲ್ಲಿ ಮುಗಿಯುತ್ತದೆ. ತಾರೀಖು ಹಾಕಿಸಿದ್ದು ಈ ಜಾಗಗಳನ್ನು ಹುಡುಕಲು. ತಿದ್ದುವಾಗ ಪ್ರತಿ ತಾರೀಖಿನ ಮೊದಲ ವಾಕ್ಯ, ಕೊನೆಯ ವಾಕ್ಯ ಎರಡನ್ನೂ ಹೊಡೆದುಹಾಕಿ ಓದು. ಹತ್ತರಲ್ಲಿ ಏಳೆಂಟು ಕಡೆ ಏನೂ ಕಳೆದುಹೋಗಿರುವುದಿಲ್ಲ.

ಇನ್ನೊಂದು ದೋಷ ನಮ್ಮ ಭಾಷೆಯ ಜಾಯಮಾನದ್ದು. ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ, ಅವಸರದ ಬರಹದಲ್ಲಿ ಎಲ್ಲ ವಾಕ್ಯಗಳ ಬಾಲವೂ ಒಂದೇ ಆಗುತ್ತದೆ: ‘ಅವಳು ಜಗುಲಿಯಲ್ಲಿ ಕೂತಿದ್ದಳು. ಅಡಿಕೆ ಸುಲಿಯುತ್ತಿದ್ದಳು. ಗೇಟಿನ ಕಡೆ ನೋಡುತ್ತಿದ್ದಳು.’ ಕಣ್ಣಿಗೆ ಕಾಣದ ಇದು ಕಿವಿಗೆ ಹೊಡೆಯುತ್ತದೆ. ‘ಜಗುಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದವಳ ಕಣ್ಣೆಲ್ಲ ಗೇಟಿನ ಮೇಲೆ’ ಎಂದರೆ ಮೂರು ಬಾಲಗಳೂ ಹೋದವು. ಕರಡಿನಲ್ಲಿ ಇಂಥ ಬಾಲಗಳ ಕೆಳಗೆ ಪೆನ್ಸಿಲ್ ಗೆರೆ ಎಳೆದಿಟ್ಟರೆ ಸಾಕು.

ಕಂಪ್ಯೂಟರಿಗೆ ಏರಿಸುವಾಗ, ಎಲ್ಲ ಕಂಪ್ಯೂಟರು ಫೋನುಗಳೂ ಓದಬಲ್ಲ ಯೂನಿಕೋಡಿನಲ್ಲೇ ಟೈಪ್ ಮಾಡು. ಹಳೆಯ ಫಾಂಟ್‌ಗಳ ಕಡತವನ್ನು ಆಮೇಲೆ ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಡುತ್ತವೆ. 200 ಪುಟದಲ್ಲಿ ಅವನ್ನು ಹೆಕ್ಕುವುದು ಪ್ರಾಣಸಂಕಟ. ಶನಿವಾರಕ್ಕೊಮ್ಮೆ ನಿನ್ನದೇ ಇಮೇಲಿಗೆ ಒಂದು ಪ್ರತಿ ಕಳಿಸಿಕೋ.

ರಜೆ ಹಾಕಬೇಕಾದದ್ದು ಕರಡು ಮುಗಿದು, ಅದನ್ನು ಒಂದೂವರೆ ತಿಂಗಳು ಬೀರುವಿನಲ್ಲಿಟ್ಟ ಮೇಲೆ. ಹತ್ತು ದಿನ ಸಾಕು. ತಿದ್ದುವ ಕೆಲಸ 40 ನಿಮಿಷದ ತುಣುಕಿಗೆ ಬಗ್ಗುವುದಿಲ್ಲ. ಇಡೀ ಪುಸ್ತಕ ಒಟ್ಟಿಗೆ ತಲೆಯಲ್ಲಿರದಿದ್ದರೆ ಸೊಸೆ ಹದಿನಾಲ್ಕು ತಿಂಗಳು ಬಸುರಿಯಾಗಿರುವುದು ಗೊತ್ತೇ ಆಗುವುದಿಲ್ಲ. ಮೊದಲ ಎರಡು ದಿನ ಪೆನ್ನು ಮುಟ್ಟದೆ ಓದು. ಮೂರನೆಯ ದಿನ ದೊಡ್ಡ ಹಾಳೆಯಲ್ಲಿ ಅಧ್ಯಾಯ, ಕಾಲ, ಯಾರಿಗೆ ಯಾವ ವಿಷಯ ಗೊತ್ತು ಎಂದು ಮೂರು ಕಲಂ ಎಳೆದು ತುಂಬಿಸು. ಆಮೇಲೆ ಕತ್ತರಿ.

ಓದಿನ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಸಂಜೆ 15 ನಿಮಿಷ ಕುಮಾರವ್ಯಾಸನಿಗೆ ಕೊಡು. ಅವನ ಭಾರತದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳಿವೆ. ದಿನಕ್ಕೆ ಐದರಂತೆ ಓದಿದರೆ ನಾಲ್ಕೂವರೆ ವರ್ಷ. ಅವನ ಛಂದಸ್ಸು ಭಾಮಿನಿ ಷಟ್ಪದಿ, ಅದರ ನಡೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ. ಬೆರಳಲ್ಲಿ ಮೇಜು ತಟ್ಟುತ್ತ ಜೋರಾಗಿ ಓದು. ಅರ್ಥವಾಗದ ಪದಕ್ಕೆ ಅಲ್ಲೇ ನಿಲ್ಲಬೇಡ, ಐದು ಪದ್ಯ ಮುಗಿಸಿ ಆಮೇಲೆ ನಿಘಂಟು ತೆಗೆ. ಉದ್ಯೋಗಪರ್ವದಿಂದ ಶುರು ಮಾಡು. ಸಂಭಾಷಣೆ ಬರೆಯುವವರಿಗೆ ಕೃಷ್ಣ-ಕರ್ಣರ ಮಾತುಕತೆ ಅಲ್ಲೇ ಇದೆ.

ಇತಿ,
ನಿನ್ನ ಅಕ್ಕ